ಕೊನೆಯ ಗಾಡಿಯಿಂದ ಶುರು ಮಾಡಿ

ನಮ್ಮಂಥ ಬಿಡಿ ಸುದ್ದಿಗಾರರ ಮನೆಗೆ ಜನ ಸುದ್ದಿ ಕೊಡಲು ಬರುವುದಕ್ಕಿಂತ ಫಾರಂ ತುಂಬಿಸಿಕೊಳ್ಳಲು ಬರುವುದೇ ಹೆಚ್ಚು. ಪಹಣಿ, ಪಿಂಚಣಿ, ಸ್ಕಾಲರ್‌ಶಿಪ್, ಆಧಾರ್ ತಿದ್ದುಪಡಿ. ಕಳೆದ ವರ್ಷ ಜೂನ್ ಕೊನೆಯಲ್ಲಿ ಬಂದ ಮೇಷ್ಟ್ರ ಕೈಲಿ ಮಾತ್ರ ಬೇರೆಯದೇ ಕಾಗದವಿತ್ತು. ರೋಮ್ ವಿಮಾನ ನಿಲ್ದಾಣದಿಂದ ಒತ್ರಾಂತೊ ಎಂಬ ಊರಿಗೆ ನಾಲ್ಕು ರೈಲು ಹತ್ತಿ ಇಳಿಯುವ ಪಟ್ಟಿ.

ಮೇಷ್ಟ್ರು ಪ್ರೈಮರಿ ಶಾಲೆಯಿಂದ ನಿವೃತ್ತರಾದವರು. ಮಗ ಆ ಊರಿನ ಹೋಟೆಲ್ ಒಂದರಲ್ಲಿ ಅಡುಗೆ ಕೆಲಸಕ್ಕಿದ್ದಾನೆ. ಆಗಸ್ಟ್ ಅಲ್ಲಿ ಜನ ಮುಗಿಬೀಳುವ ತಿಂಗಳು, ಅವನಿಗೆ ರಜೆ ಇಲ್ಲ, ರೋಮ್‌ಗೆ ಬಂದು ಕರೆದುಕೊಂಡು ಹೋಗಲೂ ಆಗುವುದಿಲ್ಲ. 'ದುಡ್ಡು ಕಳಿಸ್ತೀನಿ, ನೀವೇ ಬಂದುಬಿಡಿ' ಅಂದಿದ್ದ. ಬೆಂಗಳೂರಿನಲ್ಲಿರುವ ಅಣ್ಣನ ಮಗ ಕೂತು ಒಂದೇ ಪುಟದಲ್ಲಿ ಪ್ಲಾನ್ ಹಾಕಿಕೊಟ್ಟಿದ್ದ. ಬೆಳಿಗ್ಗೆ ರೋಮ್‌ನಲ್ಲಿ ಇಳಿದರೆ ಸಂಜೆಗೆ ಸಮುದ್ರ. 'ಎಲ್ಲ ಸರಿ ಇದೆಯಾ ಒಂದು ಸಲ ನೋಡಪ್ಪಾ' ಎಂದು ಮೇಷ್ಟ್ರು ಹಾಳೆಯನ್ನು ನಮ್ಮ ಮುಂದಿಟ್ಟರು. ಪಕ್ಕದಲ್ಲಿ ಕೂತಿದ್ದ ಅಮ್ಮನವರು ಕೇಳಿದ್ದು ಒಂದೇ ಮಾತು: 'ಗಾಡಿ ತಪ್ಪಿಹೋದ್ರೆ ಏನು ಮಾಡೋದು?'

ಆ ಹಾಳೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅಲ್ಲಿಂದಾಚೆ ಹದಿನೈದು ರಾತ್ರಿ, ಸುದ್ದಿ ಕಳಿಸಿ ಮುಗಿದ ಮೇಲೆ, ನಾವು ಇಟಲಿಯ ರೈಲು ವೇಳಾಪಟ್ಟಿಗಳ ಮುಂದೆ ಕೂತೆವು. ಒತ್ರಾಂತೊವನ್ನು ನಾವು ಕಂಡವರಲ್ಲ. ಆದರೆ ಆ ಹದಿನೈದು ರಾತ್ರಿಯಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಯಿತು. ಹಲವು ಗಾಡಿ ಬದಲಿಸುವ ಪ್ರಯಾಣವನ್ನು ಹೊರಡುವ ಊರಿಂದ ಮುಂದಕ್ಕೆ ಯೋಜಿಸಬಾರದು. ತಲುಪುವ ಊರಿಂದ ಹಿಂದಕ್ಕೆ ಯೋಜಿಸಬೇಕು. ಮತ್ತು ಪ್ಲಾನ್ ಒಳ್ಳೆಯದೋ ಕೆಟ್ಟದೋ ಎಂದು ಅಳೆಯಬೇಕಾದ್ದು ಎಷ್ಟು ಬೇಗ ತಲುಪಿಸುತ್ತದೆ ಎಂಬುದರಿಂದಲ್ಲ, ಒಂದು ಕೊಂಡಿ ಕಳಚಿದಾಗ ಎರಡು ವಯಸ್ಸಾದ ಜೀವಗಳು ರಾತ್ರಿ ಎಲ್ಲಿರುತ್ತವೆ ಎಂಬುದರಿಂದ.

ಮೊದಲು ಊರು ಎಲ್ಲಿದೆ ಎಂದು ಹೇಳಿಬಿಡುತ್ತೇವೆ. ಇಟಲಿಯನ್ನು ಬೂಟಿಗೆ ಹೋಲಿಸುತ್ತಾರಲ್ಲ, ಆ ಬೂಟಿನ ಹಿಮ್ಮಡಿ ಇರುವುದು ಪುಲ್ಯಾ ಪ್ರಾಂತ್ಯದಲ್ಲಿ. ಹಿಮ್ಮಡಿಯ ಪೂರ್ವದ ಅಂಚಿಗೆ, ಆಲ್ಬೇನಿಯಾಕ್ಕೆ ಎದುರಾಗಿ ಒತ್ರಾಂತೊ ಇದೆ. ಇಟಲಿಯ ನೆಲ ಪೂರ್ವಕ್ಕೆ ಅತಿ ಹೆಚ್ಚು ಚಾಚಿರುವ ಭೂಶಿರ ಈ ಊರಿನ ಬಳಿಯೇ ಇದೆ. 1480ರಲ್ಲಿ ಆಟೊಮನ್ ಸೇನೆ ದಾಳಿ ಮಾಡಿದ ಕೋಟೆಯೂರು. ಅಲ್ಲಿನ ದೊಡ್ಡ ಚರ್ಚಿನ ನೆಲದ ತುಂಬ 12ನೇ ಶತಮಾನದ ಬಣ್ಣದ ಕಲ್ಲುಗಳ ಚಿತ್ತಾರವಿದೆ. ನೋಡಲು ಜನ ಹೋಗುವ ಊರೇ. ಆದರೆ ದೊಡ್ಡ ರೈಲು ಅಲ್ಲಿಗೆ ಹೋಗುವುದಿಲ್ಲ.

ವಿಷಯ ಇರುವುದು ಇಲ್ಲೇ. ರೋಮ್‌ನ ಫ್ಯೂಮಿಚೀನೊ ವಿಮಾನ ನಿಲ್ದಾಣದಿಂದ ನಗರದ ಮುಖ್ಯ ನಿಲ್ದಾಣವಾದ ಟೆರ್ಮಿನಿಗೆ ಲಿಯೊನಾರ್ಡೊ ಎಕ್ಸ್‌ಪ್ರೆಸ್ ಇದೆ. ನಡುವೆ ಎಲ್ಲೂ ನಿಲ್ಲದೆ 32 ನಿಮಿಷ. ಟೆರ್ಮಿನಿಯಿಂದ ಲೆಚ್ಚೆ ನಗರಕ್ಕೆ ವೇಗದ ರೈಲು, ಕಸೆರ್ತಾ, ಫೊಜ್ಜಾ, ಬಾರಿ, ಬ್ರಿಂಡಿಸಿ ಮೇಲೆ ಸುಮಾರು ಐದೂವರೆ ಗಂಟೆ. ಇಷ್ಟಕ್ಕೆ ದಾರಿಯ ಬಹುಪಾಲು ಮುಗಿಯಿತು. ಉಳಿದದ್ದು ಬರೀ 45 ಕಿಲೋಮೀಟರ್ ಆಸುಪಾಸು. ಅಲ್ಲಿಗೆ ಬೇರೆ ಸಂಸ್ಥೆಯ ಸಣ್ಣ ಗಾಡಿ. ಹೆಸರು ಫೆರ್ರೊವಿಯೆ ದೆಲ್ ಸುದ್ ಎಸ್ತ್, ಅಂದರೆ ಆಗ್ನೇಯ ರೈಲ್ವೆ. ಲೆಚ್ಚೆಯಲ್ಲಿ ಹತ್ತಿ ಸಾಮಾನ್ಯವಾಗಿ ಮಾಲ್ಯೆ ಎಂಬಲ್ಲಿ ಇಳಿದು ಇನ್ನೊಂದು ಗಾಡಿ ಹತ್ತಬೇಕು. ಇಷ್ಟು ಚಿಕ್ಕ ದಾರಿಗೆ ಒಂದು ಗಂಟೆಗೂ ಮಿಕ್ಕಿ ಬೇಕು.

ಬೀರೂರಿನಲ್ಲಿ ಇಳಿದು ಶಿವಮೊಗ್ಗದ ಗಾಡಿಗೆ ಕಾದವರಿಗೆ, ತಾಲೂಕು ಕೇಂದ್ರದಲ್ಲಿ ಹಳ್ಳಿಯ ಕೊನೆ ಬಸ್ ತಪ್ಪಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೊಡ್ಡ ಗಾಡಿ ತಪ್ಪಿದರೆ ಇನ್ನೊಂದು ಬರುತ್ತದೆ. ಸಣ್ಣ ಗಾಡಿ ತಪ್ಪಿದರೆ ನಾಳೆ. ಆದರೂ ಪ್ಲಾನ್ ಹಾಕುವಾಗ ನಾವೆಲ್ಲ ದೊಡ್ಡ ಗಾಡಿಯನ್ನೇ ಮೊದಲು ಹುಡುಕುತ್ತೇವೆ. ಸಣ್ಣದು 'ಅಲ್ಲಿ ಹೋದ ಮೇಲೆ ನೋಡಿಕೊಂಡರಾಯ್ತು' ಎಂದು ಬಿಟ್ಟುಬಿಡುತ್ತೇವೆ.

ಅಣ್ಣನ ಮಗನ ಪಟ್ಟಿಯಲ್ಲಿ ಟೆರ್ಮಿನಿಯಲ್ಲಿ ಗಾಡಿ ಬದಲಿಸಲು 18 ನಿಮಿಷ, ಲೆಚ್ಚೆಯಲ್ಲಿ 12 ನಿಮಿಷ, ಮಾಲ್ಯೆಯಲ್ಲಿ 7 ನಿಮಿಷ ಇತ್ತು. ಟೆರ್ಮಿನಿಯಲ್ಲಿ ಮೂವತ್ತರ ಹತ್ತಿರ ಪ್ಲಾಟ್‌ಫಾರಂಗಳಿವೆ. ಪ್ಲಾಟ್‌ಫಾರಂಗೆ ಹೋಗುವ ಮೊದಲು ಟಿಕೆಟ್ ತೋರಿಸುವ ಗೇಟು ಬೇರೆ. ಎರಡು ದೊಡ್ಡ ಪೆಟ್ಟಿಗೆ, ಮಂಡಿ ನೋವಿನ ಅಮ್ಮನವರು, ರಾತ್ರಿಯಿಡೀ ವಿಮಾನದಲ್ಲಿ ಕೂತ ಕಾಲು. 18 ನಿಮಿಷ ಎಂದು ಬರೆದದ್ದು ಯಂತ್ರ. ನಡೆಯಬೇಕಾದ್ದು ಮನುಷ್ಯರು. ಅದಕ್ಕಿಂತ ಮುಂಚೆ ವಿಮಾನ ನಿಲ್ದಾಣದ ಪಾಸ್‌ಪೋರ್ಟ್ ಸಾಲಿನಲ್ಲಿ ಎಷ್ಟು ಹೊತ್ತು ನಿಲ್ಲಬೇಕೋ ಆ ದಿನವೇ ಹೇಳಬೇಕು.

ಇನ್ನು ದಿನಾಂಕ. ಪಟ್ಟಿಯಲ್ಲಿದ್ದದ್ದು ಆಗಸ್ಟ್ 15. 'ಹದಿನಾಲ್ಕರ ರಾತ್ರಿ ಚಿಕ್ಕಪ್ಪನ್ನ ಏರ್‌ಪೋರ್ಟಿಗೆ ಬಿಟ್ಟರೆ ಮಾರನೇ ದಿನ ನನಗೆ ರಜಾ' ಎಂಬ ಲೆಕ್ಕ ಅವನದು. ನಮಗೆ ಅಂದು ಸ್ವಾತಂತ್ರ್ಯ ದಿನ. ಇಟಲಿಗೂ ಅಂದು ಸರ್ಕಾರಿ ರಜೆ, ಫೆರ್ರಗೊಸ್ತೊ ಎನ್ನುತ್ತಾರೆ. ಬೇಸಿಗೆಯ ಅತಿ ದೊಡ್ಡ ರಜಾ ದಿನ, ದೇಶಕ್ಕೆ ದೇಶವೇ ಕಡಲ ಕಡೆಗೆ ಹೊರಟಿರುತ್ತದೆ. ಅವರ ಸಣ್ಣ ಗಾಡಿಗಳ ಪಟ್ಟಿಯಲ್ಲಿ ದಿನಗಳು ಎರಡು ಬಗೆ. 'ಫೆರಿಯಾಲೆ' ಒಂದು, 'ಫೆಸ್ತೀವೊ' ಇನ್ನೊಂದು. ಫೆರಿಯಾಲೆ ಅಂದರೆ ಹಬ್ಬವಿರಬೇಕು ಅನಿಸುತ್ತದಲ್ಲವೇ? ಅದು ಕೆಲಸದ ದಿನ, ಶನಿವಾರವೂ ಅದರೊಳಗೆ ಸೇರಿತು. ಫೆಸ್ತೀವೊ ಎಂದರೆ ಭಾನುವಾರ ಮತ್ತು ಹಬ್ಬ. ಫೆರಿಯಾಲೆ ಎಂದು ಗುರುತು ಹಾಕಿದ ಗಾಡಿ ಹಬ್ಬದ ದಿನ ಓಡುವುದಿಲ್ಲ.

ಹುಡುಗನಿಗೆ ಫೋನ್ ಮಾಡಿ ಕೇಳಿದೆವು. 'ಆಗಸ್ಟ್‌ದು ಸರಿಯಾಗಿ ಕಾಣಿಸಲಿಲ್ಲ ಸಾರ್, ಅದಕ್ಕೆ ಜೂನ್‌ನ ಒಂದು ಬುಧವಾರ ಹಾಕಿ ನೋಡಿದೆ. ಟೈಮಿಂಗ್ ಅದೇ ಇರುತ್ತಲ್ಲ' ಅಂದ. ತಪ್ಪು ಅವನೊಬ್ಬನದಲ್ಲ, ನಾವೂ ಹಾಗೇ ಮಾಡುತ್ತಿದ್ದೆವು. ಆದರೆ ಯುರೋಪಿನ ರೈಲುಗಳ ವೇಳಾಪಟ್ಟಿ ಡಿಸೆಂಬರ್‌ನಲ್ಲಿ ಒಮ್ಮೆ, ಜೂನ್ ನಡುವಿನಲ್ಲಿ ಇನ್ನೊಮ್ಮೆ ಬದಲಾಗುತ್ತದೆ. ಹಳಿಯ ಕಾಮಗಾರಿ ಇದ್ದರೆ ರೈಲಿನ ಬದಲು ಬಸ್ ಹಾಕುತ್ತಾರೆ. ಮೊಬೈಲಿನಲ್ಲಿ ರೈಲಿನ ಚಿತ್ರವಿರುವಲ್ಲಿ ಬಸ್ಸಿನ ಚಿಕ್ಕ ಚಿತ್ರ ಬಂದಿರುತ್ತದೆ, ಅಷ್ಟೇ. ಅದನ್ನು ಗಮನಿಸದವರು ಪ್ಲಾಟ್‌ಫಾರಂನಲ್ಲಿ ಕಾಯುತ್ತಿರುತ್ತಾರೆ, ಬಸ್ಸು ನಿಲ್ದಾಣದ ಹೊರಗಿಂದ ಹೊರಟುಹೋಗಿರುತ್ತದೆ.

ಟಿಕೆಟ್ ವಿಷಯದಲ್ಲಿ ನಮ್ಮ ಜನ ಬೀಳುವ ಹಳ್ಳ ಇನ್ನೂ ಆಳ. ಇಟಲಿಯ ದೂರದ ರೈಲುಗಳಲ್ಲಿ ಒಂದೇ ಸೀಟಿಗೆ ಹಲವು ದರ. ಅತಿ ಅಗ್ಗದ್ದು ಬದಲಾಯಿಸಲಾಗದ್ದು, ಆ ಗಾಡಿ ಬಿಟ್ಟರೆ ಕಾಗದ ಕಸ. ಬೇಸ್ ದರದ್ದು ದುಬಾರಿ, ಆದರೆ ಗಾಡಿ ಹೊರಡುವ ಮುಂಚೆ ಬದಲಾಯಿಸಬಹುದು. ಷೆಂಗೆನ್ ವೀಸಾ ಅರ್ಜಿಯ ತೀರ್ಮಾನಕ್ಕೆ ನಿಯಮದ ಪ್ರಕಾರ 15 ದಿನ, ಕೆಲವು ಸಲ 45 ದಿನದವರೆಗೂ ಎಳೆಯಬಹುದು. ವೀಸಾ ಕೈಗೆ ಬರುವ ಮುಂಚೆ 'ಬೇಗ ತಗೊಂಡರೆ ಅಗ್ಗ' ಎಂದು ಬದಲಾಯಿಸಲಾಗದ ಟಿಕೆಟ್ ಕೊಳ್ಳುವುದು ಉಳಿತಾಯವಲ್ಲ, ಜೂಜು.

ನಾಲ್ಕು ಗಾಡಿಗೆ ನಾಲ್ಕು ಟಿಕೆಟ್ ಬಿಡಿಬಿಡಿಯಾಗಿ ಕೊಳ್ಳುವವರು ಇನ್ನೊಂದನ್ನು ತಿಳಿದಿರಬೇಕು. ಐರೋಪ್ಯ ಒಕ್ಕೂಟದ ರೈಲು ಪ್ರಯಾಣಿಕರ ಹಕ್ಕಿನ ನಿಯಮ 2023ರ ಜೂನ್‌ನಿಂದ ಹೊಸ ರೂಪದಲ್ಲಿ ಜಾರಿಯಲ್ಲಿದೆ. ಗಾಡಿ 60ರಿಂದ 119 ನಿಮಿಷ ತಡವಾದರೆ ದರದ ಶೇ. 25, ಎರಡು ಗಂಟೆ ದಾಟಿದರೆ ಶೇ. 50 ಪರಿಹಾರ. ಇಡೀ ದಾರಿ ಒಂದೇ ಟಿಕೆಟ್‌ನಲ್ಲಿ ಬಂದರೆ ಕೊಂಡಿ ತಪ್ಪಿದಾಗ ಮುಂದಿನ ಗಾಡಿಗೆ ಹತ್ತಿಸುವ ಹೊಣೆಯೂ ಅವರದು. ಬಿಡಿ ಟಿಕೆಟ್ ಆದರೆ ಒಂದು ಗಾಡಿಗೂ ಇನ್ನೊಂದಕ್ಕೂ ಸಂಬಂಧವಿಲ್ಲ. ಒಂದು ತಡವಾಗಿ ಇನ್ನೊಂದು ಹೋಯಿತೇ, ಅದು ನಿಮ್ಮ ಪಾಡು. ಟಿಕೆಟ್ ಕೊಳ್ಳುವ ಮುಂಚೆ ಇದು ಒಂದೋ ನಾಲ್ಕೋ ಎಂದು ನೋಡಿಕೊಳ್ಳುವುದು ದರ ನೋಡುವುದಕ್ಕಿಂತ ಮುಖ್ಯ.

ಮುಷ್ಕರವನ್ನೂ ಲೆಕ್ಕಕ್ಕೆ ಹಿಡಿಯಬೇಕು. 'ಶೋಪೆರೊ' ಎಂಬ ಪದ ಕಲಿತು ಹೋಗಿ. ಅಲ್ಲಿ ಮುಷ್ಕರವನ್ನು ಮೊದಲೇ ಘೋಷಿಸುತ್ತಾರೆ, ಸಾರಿಗೆ ಸಚಿವಾಲಯದ ಜಾಲತಾಣದಲ್ಲಿ ದಿನಾಂಕಗಳು ಸಿಗುತ್ತವೆ. ಮುಷ್ಕರವಿದ್ದರೂ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಪ್ರಾದೇಶಿಕ ರೈಲುಗಳ ಅಗತ್ಯ ಸೇವೆ ಇರುತ್ತದೆ. ಆ ರಕ್ಷಣೆಯೂ ಕೆಲಸದ ದಿನಗಳಿಗೆ ಮಾತ್ರ.

ಇಷ್ಟೆಲ್ಲ ನೋಡಿದ ಮೇಲೆ ನಾವು ಪಟ್ಟಿಯನ್ನು ತಿರುವಿ ಹಾಕಿದೆವು. ಮೊದಲು ಒತ್ರಾಂತೊ ತಲುಪುವ ಗಾಡಿ ಹಿಡಿದೆವು. ಕೆಲಸದ ದಿನ, ಬೆಳಗಿನ ಹೊತ್ತು, ಅದು ತಪ್ಪಿದರೂ ಅದೇ ದಿನ ಇನ್ನೊಂದು ಇರುವಂಥದ್ದು. ಅದಕ್ಕೆ ಹಿಂದಿನ ರಾತ್ರಿ ಲೆಚ್ಚೆಯಲ್ಲಿ, ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಒಂದು ಕೋಣೆ. ಅದಕ್ಕೂ ಹಿಂದೆ, ರೋಮ್‌ನಿಂದ ಲೆಚ್ಚೆಗೆ ಮಧ್ಯಾಹ್ನದ ಗಾಡಿ, ಬೇಸ್ ದರದಲ್ಲಿ. ವಿಮಾನ ಇಳಿಯುವುದಕ್ಕೂ ಆ ಗಾಡಿಗೂ ನಡುವೆ ಐದು ಗಂಟೆ. ದಿನಾಂಕವನ್ನು ಹಬ್ಬ ಕಳೆದ ಮೇಲಿನ ಮಂಗಳವಾರಕ್ಕೆ ತಳ್ಳಿದೆವು.

ಒಂದು ಹಾಳೆಯಲ್ಲಿ ಎಲ್ಲ ಕನ್ನಡದಲ್ಲಿ ಬರೆದುಕೊಟ್ಟೆವು. ನಿಲ್ದಾಣದ ಹೆಸರುಗಳನ್ನು ಮಾತ್ರ ಬೋರ್ಡಿನಲ್ಲಿ ಹೇಗಿರುತ್ತದೋ ಹಾಗೆ ಮೇಷ್ಟ್ರೇ ದುಂಡಗೆ ಬರೆದುಕೊಂಡರು. ಹಳದಿ ಕಾಗದದ ಪಟ್ಟಿ ಎಂದರೆ ಹೊರಡುವ ಗಾಡಿಗಳು, ಬಿಳಿ ಎಂದರೆ ಬರುವ ಗಾಡಿಗಳು. 'ಬಿನಾರಿಯೊ' ಎಂದರೆ ಪ್ಲಾಟ್‌ಫಾರಂ. 'ರಿತಾರ್ದೊ' ಎಂದರೆ ತಡ. ಸಣ್ಣ ಗಾಡಿಯ ಕಾಗದದ ಟಿಕೆಟ್ ಇದ್ದರೆ ಹತ್ತುವ ಮುಂಚೆ ಪ್ಲಾಟ್‌ಫಾರಂನ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಬೇಕು, ಇಲ್ಲದಿದ್ದರೆ ದಂಡ. ಪ್ರತಿ ಗಾಡಿಯ ಎದುರಿಗೆ ಒಂದು ಸಾಲು: ಇದು ತಪ್ಪಿದರೆ ಯಾವುದು. ಅಮ್ಮನವರು ಮೊದಲು ಓದಿದ್ದು ಆ ಸಾಲನ್ನೇ.

ಅಣ್ಣನ ಮಗನಿಗೆ ಇದು ಹಿಡಿಸಲಿಲ್ಲ. ಅವನ ಮಾತಿನಲ್ಲೂ ಹುರುಳಿತ್ತು ಎಂದು ಒಪ್ಪುತ್ತೇವೆ. ಒಂದು ರಾತ್ರಿಯ ಕೋಣೆ ಬಾಡಿಗೆ ಹೆಚ್ಚಾಯಿತು. ಟಿಕೆಟ್ ದರವೂ ಹೆಚ್ಚಾಯಿತು. ಮಗನ ಜೊತೆ ಇರುವ ದಿನ ಒಂದು ಕಡಿಮೆಯಾಯಿತು. 'ಬ್ರಿಂಡಿಸಿಗೆ ಫ್ಲೈಟ್ ಇದೆ, ಅದರಲ್ಲಿ ಹೋಗಬಹುದಿತ್ತು' ಎಂದೂ ಅಂದ. ನಿಜ, ಹೋಗಬಹುದು. ಆದರೆ ಅಲ್ಲಿ ಇಳಿದ ಮೇಲೂ ಕೊನೆಯ ದಾರಿ ಅದೇ ಲೆಚ್ಚೆಯಿಂದಾಚೆಯದು. ಎಷ್ಟು ವೇಗವಾಗಿ ಲೆಚ್ಚೆ ಮುಟ್ಟಿದರೂ ಸಣ್ಣ ಗಾಡಿ ತನ್ನ ಹೊತ್ತಿಗೇ ಹೊರಡುವುದು. ಬೆನ್ನಿಗೊಂದು ಚೀಲ ಹಾಕಿ ಹೊರಡುವ ಇಪ್ಪತ್ತೈದರ ಹುಡುಗನಿಗೆ 12 ನಿಮಿಷ ಸಾಕು, ಗಾಡಿ ತಪ್ಪಿದರೂ ಅದು ಅವನಿಗೆ ಹೇಳಿಕೊಳ್ಳಲು ಒಂದು ಕಥೆ. ಭಾಷೆ ಬಾರದ, ಔಷಧಿ ಚೀಲ ಹಿಡಿದ ಅರವತ್ತೆಂಟರವರಿಗೆ ಅದು ಕಥೆಯಲ್ಲ.

ಕೊನೆಗೆ ಏನಾಯಿತು ಎಂದು ಕೇಳಿದರೆ, ಏನೂ ಆಗಲಿಲ್ಲ. ಎಲ್ಲ ಗಾಡಿಗಳೂ ಹೆಚ್ಚುಕಡಿಮೆ ಹೊತ್ತಿಗೆ ಸರಿಯಾಗಿ ಬಂದವು. ಮುಷ್ಕರ ಇರಲಿಲ್ಲ. ಹುಡುಗನ ಪಟ್ಟಿಯ ಗಾಡಿಗಳಲ್ಲೇ ಹೋಗಿದ್ದರೂ ಆ ದಿನ ಬಹುಶಃ ತಲುಪಿಬಿಡುತ್ತಿದ್ದರು. ಅವನು ಫೋನ್ ಮಾಡಿ 'ನೋಡಿದ್ರಾ ಸಾರ್' ಅಂದ. ನಕ್ಕು ಸುಮ್ಮನಾದೆವು.

ನಮ್ಮ ಅಭಿಪ್ರಾಯ ಅದರಿಂದ ಬದಲಾಗಲಿಲ್ಲ. ಆಪತ್ತು ಬರಲಿಲ್ಲವೆಂದು ಅದಕ್ಕೆ ಬಿಟ್ಟ ಜಾಗ ವ್ಯರ್ಥವಾಗುವುದಿಲ್ಲ. ಮೇಷ್ಟ್ರು ಊರಿಗೆ ವಾಪಸಾದ ಮೇಲೆ ಹೇಳಿದ್ದು ಕೇಳಿ. ಲೆಚ್ಚೆಯ ಕೋಣೆಯಲ್ಲಿ ಅಮ್ಮನವರು ಬಿಸಿನೀರಿನಲ್ಲಿ ಕಾಲಿಟ್ಟು ಕೂತರಂತೆ, ಮನೆಯಿಂದ ಒಯ್ದ ಅವಲಕ್ಕಿ ತಿಂದು ಒಂಬತ್ತು ಗಂಟೆ ನಿದ್ದೆ ಮಾಡಿದರಂತೆ. ಮಾರನೇ ಬೆಳಿಗ್ಗೆ ಆಲಿವ್ ತೋಟಗಳ ನಡುವೆ ಹೋಗುವ ಸಣ್ಣ ಗಾಡಿಯಲ್ಲಿ ಕಿಟಕಿ ಪಕ್ಕ ಕೂತು ಸ್ಟೇಷನ್ ಹೆಸರುಗಳನ್ನು ಹಾಳೆಗೆ ತಾಳೆ ನೋಡುತ್ತ ಹೋದರಂತೆ. ಮಗ ಎರಡು ಪಾಳಿಯ ನಡುವೆ, ಅಡುಗೆಮನೆಯ ಬಟ್ಟೆಯಲ್ಲೇ ಸ್ಟೇಷನ್ನಿಗೆ ಬಂದಿದ್ದ. ಅವನಿಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ. 'ನಾವು ಸುಸ್ತಾಗಿರಲಿಲ್ಲ ಕಣಪ್ಪಾ, ಆ ಇಪ್ಪತ್ತು ನಿಮಿಷ ಚೆನ್ನಾಗಿ ಮಾತಾಡಿದ್ವಿ' ಅಂದರು ಮೇಷ್ಟ್ರು.

ದೂರದ ಊರಿಗೆ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಮಕ್ಕಳಲ್ಲಿ ನಮ್ಮದೊಂದು ಕೋರಿಕೆ. ಟಿಕೆಟ್ ಕಳಿಸುವ ಮುಂಚೆ ಕೊನೆಯ ಗಾಡಿ ಯಾವುದು, ಯಾವ ದಿನ ಓಡುತ್ತದೆ, ತಪ್ಪಿದರೆ ಯಾವುದು ಎಂಬ ಮೂರು ಪ್ರಶ್ನೆಗೆ ಉತ್ತರ ಬರೆದು ಕಳಿಸಿ, ಕನ್ನಡದಲ್ಲಿ. ಮೇಷ್ಟ್ರ ಆ ಹಾಳೆ ಮಡಿಕೆ ಹರಿದು ಈಗಲೂ ಅವರ ಪಾಸ್‌ಪೋರ್ಟ್ ಒಳಗೇ ಇದೆ. ಮುಂದಿನ ಸಲಕ್ಕೆ ಬೇಕಾಗುತ್ತದೆ ಎಂದು ಅಮ್ಮನವರು ಎತ್ತಿಟ್ಟಿದ್ದಾರೆ. ಪಾಪ, ವೇಳಾಪಟ್ಟಿ ಬದಲಾಗಿರುತ್ತದೆ ಎಂದು ಅವರಿಗಿನ್ನೂ ನಾವು ಹೇಳಿಲ್ಲ.