ಮೇನ್ ಬ್ರಾಂಚ್‌ಗೂ ಒಂದು ಬೀಗ

ಜೇವರ್ಗಿ ತಾಲ್ಲೂಕಿನ ನೆಲೋಗಿಯಲ್ಲಿ ಕೂತು ಬೆಂಗಳೂರಿನ ಟೀಮಿಗೆ ಕೋಡ್ ಬರೆಯೋದು ಹೇಗೆ ಅಂತ ಸ್ನೇಹಿತರು ಕೇಳ್ತಾರೆ. ಇಲ್ಲಿ ಕರೆಂಟು, ನೆಟ್ಟು ಎರಡೂ ಹೇಳದೇ ಹೋಗ್ತವೆ, ನಿಜ. ಆದರೆ ಗಿಟ್‌ಗೆ ಅದು ದೊಡ್ಡ ವಿಷಯವೇ ಅಲ್ಲ. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಕರ್ನಲ್ ಕೆಲಸಕ್ಕೆಂದು ಅದನ್ನು ಬರೆದಾಗಿನಿಂದಲೂ, ಕ್ಲೋನ್ ಮಾಡಿಕೊಂಡ ಪ್ರತಿ ಲ್ಯಾಪ್‌ಟಾಪಿನಲ್ಲೂ ಸಾಮಾನ್ಯವಾಗಿ ಪೂರ್ತಿ ಇತಿಹಾಸ ಇರುತ್ತದೆ. ನೆಟ್ ಇಲ್ಲದಿದ್ದರೂ ಕಮಿಟ್ ಮಾಡಬಹುದು, ಬಂದಾಗ ಪುಶ್ ಮಾಡಿದರಾಯ್ತು. ನಾನಂತೂ ನೆಟ್ ಸಿಕ್ಕಾಗಲೆಲ್ಲ ಮೊದಲು ಎಲ್ಲರ ಬದಲಾವಣೆ ಎಳೆದಿಟ್ಟುಕೊಳ್ತೀನಿ.

ಈ ರೂಢಿ ಮೊನ್ನೆ ಒಬ್ಬಳ ಕೆಲಸ ಉಳಿಸಿತು. ಟೀಮಿನ ಸೀನಿಯರ್ ಒಬ್ಬರು ಶುಕ್ರವಾರ ಸಂಜೆ ಮೇನ್ ಬ್ರಾಂಚ್ ಮೇಲೆ ಫೋರ್ಸ್ ಪುಶ್ ಮಾಡಿದರು. ಸರ್ವರ್‌ನಲ್ಲಿ ಏನಿದ್ದರೂ ಸರಿಸಿ, ತನ್ನ ಪ್ರತಿಯನ್ನೇ ಕೂರಿಸುವ ಕಮಾಂಡ್ ಅದು. ಹೊಸದಾಗಿ ಸೇರಿದ ಹುಡುಗಿಯ ಮೂರು ದಿನದ ಕೆಲಸ ಮಾಯ. ಅವಳ ಲ್ಯಾಪ್‌ಟಾಪ್ ರಿಪೇರಿಗೆ ಹೋಗಿತ್ತು. ಸೋಮವಾರದ ಕಾಲ್‌ನಲ್ಲಿ "ನೀನು ಪುಶ್ ಮಾಡೇ ಇಲ್ಲ ಅನ್ಸುತ್ತೆ" ಅಂದುಬಿಟ್ಟರು. ಪ್ರೊಬೇಷನ್‌ನಲ್ಲಿ ಇರೋಳಿಗೆ ಆ ಮಾತು ಎಷ್ಟು ಭಾರ ಅಂತ ನಿಮಗೂ ಗೊತ್ತು.

ನನ್ನ ಹತ್ತಿರದ ಶುಕ್ರವಾರ ಮಧ್ಯಾಹ್ನದ ಪ್ರತಿಯಲ್ಲಿ ಅವಳ ಕಮಿಟ್‌ಗಳೆಲ್ಲ ಇದ್ದವು, ಹೆಸರು, ತಾರೀಖು, ಗಂಟೆ ಸಮೇತ. ಅದರಿಂದ ಬೇರೆ ಬ್ರಾಂಚ್ ತೆಗೆದು ಪುಶ್ ಮಾಡಿದೆ. ಹತ್ತು ನಿಮಿಷದ ಕೆಲಸ. ಅವಳಿಗೆ ಯಾರೂ ಸಾರಿ ಹೇಳಲಿಲ್ಲ, ಅದು ಬೇರೆ ಮಾತು.

ರಾತ್ರಿ ಊಟಕ್ಕೆ ಕೂತಾಗ ಕಾಕಾನಿಗೆ ಇದನ್ನೆಲ್ಲ ಹೇಳಿದೆ. "ಹೊಲದ ಪಹಣಿದಾಗ ಹೆಸರು ಬದ್ಲಿ ಮಾಡ್ಬೇಕಂದ್ರ ಮೊದ್ಲ ನೋಟಿಸ್ ಹಚ್ತಾರ, ತಕರಾರ್ ಮಾಡೋರಿಗಿ ಟೈಮ್ ಕೊಡ್ತಾರ. ನಿಮ್ಮಲ್ಲಿ ಅದೂ ಇಲ್ಲೇನೋ?" ಅಂದರು.

ಈಗ ಇದೆ. ಮೇನ್ ಬ್ರಾಂಚ್‌ಗೆ ಯಾರೂ ನೇರ ಪುಶ್ ಮಾಡುವಂತಿಲ್ಲ, ಸೀನಿಯರ್ ಆದರೂ ಅಷ್ಟೇ. ಒಂದು ಕೆಲಸಕ್ಕೆ ಒಂದು ಬ್ರಾಂಚ್, ಆಮೇಲೆ ಪುಲ್ ರಿಕ್ವೆಸ್ಟ್. ಇನ್ನೊಬ್ಬರು ಓದಿ ಒಪ್ಪಿ, ಟೆಸ್ಟ್ ಪಾಸಾದ ಮೇಲೇ ಮರ್ಜ್. ಬ್ರಾಂಚನ್ನು ವಾರಗಟ್ಟಲೆ ಇಟ್ಟುಕೊಂಡರೆ ಕಾನ್‌ಫ್ಲಿಕ್ಟ್ ಬಿಡಿಸೋದರಲ್ಲೇ ದಿನ ಹೋಗುತ್ತೆ, ಹಾಗಾಗಿ ಎರಡು ದಿನದೊಳಗೆ ಮುಗಿಯುವಷ್ಟೇ ತಗೋತೀವಿ. ರೀಬೇಸ್ ಮಾಡಿ ಸ್ವಂತ ಬ್ರಾಂಚಿಗೆ ಫೋರ್ಸ್ ಮಾಡಲೇಬೇಕಾದಾಗ 'ಫೋರ್ಸ್ ವಿತ್ ಲೀಸ್' ಬಳಸ್ತೀವಿ. ನಾವು ಕೊನೆಗೆ ನೋಡಿದ ಮೇಲೆ ಬೇರೆಯವರು ಅಲ್ಲಿ ಏನಾದರೂ ಸೇರಿಸಿದ್ದರೆ ಅದು ಪುಶ್ ಆಗಲ್ಲ ಅನ್ನುತ್ತೆ. ಇದರಿಂದ ಕೆಲಸ ನಿಧಾನ ಅನ್ನೋರು ನಮ್ಮಲ್ಲೂ ಇದ್ದಾರೆ. ಒಂದು ರಿವ್ಯೂಗೆ ಅರ್ಧ ದಿನ ಕಾಯೋದು ನನಗೇನೂ ಹೆಚ್ಚು ಅನಿಸಿಲ್ಲ.

ನಿಮ್ಮ ಟೀಮಿನಲ್ಲಿ ಈಗಾಗಲೇ ಯಾರದೋ ಕೆಲಸ ಹೀಗೆ ಅಳಿಸಿದ್ದರೆ ಗಾಬರಿ ಬೇಡ. ಆ ಕಮಿಟ್ ಒಮ್ಮೆ ಬಂದಿದ್ದ ಯಾವುದೇ ಲ್ಯಾಪ್‌ಟಾಪಿನ ರಿಫ್ಲಾಗ್ ತೆಗೆದು ನೋಡಿ. ಸೆಟ್ಟಿಂಗ್ ಬದಲಿಸದಿದ್ದರೆ ಅಲ್ಲಿ 30 ದಿನವಾದರೂ ಉಳಿದಿರುತ್ತದೆ.