ಮಾತಿನ ಬುತ್ತಿ: ಎರಡಕ್ಷರದ ‘ಅಪ್’ ಮತ್ತು ಜೇಜುರಿಯ ಮೆಟ್ಟಿಲು



ನಿಮ್ಮ ಇಂಗ್ಲಿಷ್ ನನ್ನ ಇಂಗ್ಲಿಷಿಗಿಂತ ಚೆನ್ನಾಗಿದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಮಾಡಿದವಳು ನಿಜ. ಷೇಕ್ಸ್‌ಪಿಯರನ ನಾಟಕದ ಮೇಲೆ ಇಂದಿಗೂ ನಾಲ್ಕು ಪುಟ ಬರೆದೇನು. ಆದರೆ ‘ಅಪ್’ ಎಂಬ ಎರಡೇ ಅಕ್ಷರದ ಪದ ಎದುರಾದರೆ ಈಗಲೂ ಎಡವುತ್ತೇನೆ. ಹೇಗೆ ಎಡವಿದೆ ಎಂಬುದೇ ಈ ಸಲದ ಕಥೆ.

ಕಳೆದ ಮಾರ್ಗಶಿರದಲ್ಲಿ ನಮ್ಮ ಸಂಘದ ಕೆಲವು ಮನೆಯವರು ಕೂಡಿ ಜೇಜುರಿಗೆ ಹೋಗಿದ್ದೆವು. ಪುಣೆಯಿಂದ ಸಾಸವಡದ ದಾರಿಯಲ್ಲಿ ಸುಮಾರು 50 ಕಿಲೋಮೀಟರು. ಗುಡ್ಡದ ಬುಡದಿಂದ ಖಂಡೋಬನ ಗಡದವರೆಗೆ ಕಲ್ಲಿನ ಮೆಟ್ಟಿಲು, ನಡುನಡುವೆ ದೀಪಮಾಲೆಗಳು. ಮೆಟ್ಟಿಲು ಒಂಬತ್ತು ಲಕ್ಷ ಎಂಬುದು ಭಕ್ತರ ಲೆಕ್ಕ. ಎಣಿಸುತ್ತ ಹೋದರೆ ಕೆಲವು ನೂರು. ನನ್ನ ಮೊಣಕಾಲಿಗೆ ಮಾತ್ರ ಭಕ್ತರ ಲೆಕ್ಕವೇ ಸರಿ ಎನ್ನಿಸಿತು!

ಅಲ್ಲಿ ಎಲ್ಲಿ ನೋಡಿದರೂ ಅರಿಶಿನ. ಅದಕ್ಕೆ ಭಂಡಾರ ಎನ್ನುತ್ತಾರೆ. ಜನ ಅದನ್ನು ಮುಷ್ಟಿ ತುಂಬ ತೆಗೆದು ಮೇಲಕ್ಕೆ ತೂರುತ್ತಾರೆ. ಮೆಟ್ಟಿಲು, ಗೋಡೆ, ತಲೆಗೂದಲು ಎಲ್ಲವೂ ಹಳದಿ. ನಾನೂ ಹುರುಪಿನಿಂದ ನಮ್ಮ ಹುಡುಗರ ಗುಂಪಿಗೆ ಕೂಗಿ ಹೇಳಿದೆ: ‘ಕಮ್ ಆನ್ ಚಿಲ್ಡ್ರನ್, ಎಲ್ಲರೂ ಥ್ರೋ ಅಪ್ ಮಾಡಿ!’

ಒಂದು ಕ್ಷಣ ಮೌನ. ಆಮೇಲೆ ನಗುವೋ ನಗು. ಒಬ್ಬ ಹುಡುಗನಂತೂ ಹೊಟ್ಟೆ ಹಿಡಿದುಕೊಂಡು ವಾಂತಿ ಮಾಡುವವನ ಹಾಗೆ ನಟಿಸಿಯೇ ಬಿಟ್ಟ. ‘ಥ್ರೋ’ ಎಂದರೆ ಎಸೆ, ‘ಅಪ್’ ಎಂದರೆ ಮೇಲೆ. ಎರಡೂ ಕೂಡಿದರೆ ವಾಂತಿ ಆಗಬೇಕೆಂದು ಯಾವ ನ್ಯಾಯ ಹೇಳಿ? ನನ್ನ ಕಿವಿ ಬಿಸಿಯಾಯಿತು.

ನಗದೆ ನಿಂತವಳು ಒಬ್ಬಳೇ. ಕಾಲೇಜಿಗೆ ಹೋಗುವ ಹುಡುಗಿ, ಪುಣೆಯಲ್ಲೇ ಹುಟ್ಟಿ ಬೆಳೆದವಳು. ನನ್ನ ಮೊಣಕಾಲಿನ ಅವಸ್ಥೆ ನೋಡಿ ಕೈ ಹಿಡಿದುಕೊಂಡು ನಿಧಾನವಾಗಿ ಜೊತೆಗೆ ಬಂದಳು. ನಾನು ಕನ್ನಡದಲ್ಲಿ ಕೇಳುತ್ತಿದ್ದೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು. ನನ್ನ ಒಂದು ಮಾತೂ ಅವಳಿಗೆ ತಿಳಿಯದೆ ಹೋಗಲಿಲ್ಲ.

‘ಇಷ್ಟು ಚೆನ್ನಾಗಿ ತಿಳಿಯುತ್ತದೆ, ಆಡುವುದಿಲ್ಲ ಯಾಕವ್ವ?’ ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು. ಎರಡು ವರ್ಷದ ಹಿಂದೆ ರಾಣೆಬೆನ್ನೂರಿನ ಕಡೆಯ ತನ್ನ ಅಜ್ಜಿಯ ಊರಿಗೆ ಹೋದಾಗ ‘ನಾನು ಬೆಳಿಗ್ಗೆ ಬೇಗ ಏಳಿದೆ’ ಎಂದಿದ್ದಳಂತೆ. ಮನೆಯ ಮಕ್ಕಳೆಲ್ಲ ನಕ್ಕರು. ರಜೆ ಮುಗಿಯುವವರೆಗೂ ‘ಏಳಿದೆಯಾ? ಏಳಿದೆಯಾ?’ ಎಂದು ಕಾಡಿದರು. ಅಂದಿನಿಂದ ಅಜ್ಜಿಯ ಫೋನು ಬಂದರೆ ‘ಹೂಂ’, ‘ಹಾಂ’ ಎಂದು ಅಮ್ಮನ ಕೈಗೆ ಕೊಟ್ಟುಬಿಡುತ್ತಾಳೆ. ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ‘ಐ ಹ್ಯಾವ್ ಗಿವನ್ ಅಪ್, ಆಂಟಿ’ ಎಂದಳು.

ನೋಡಿ, ಮತ್ತೆ ಅದೇ ‘ಅಪ್’! ‘ಗಿವ್’ ಎಂದರೆ ಕೊಡು, ‘ಅಪ್’ ಎಂದರೆ ಮೇಲೆ. ಮೇಲೆ ಕೊಟ್ಟರೆ ಬಿಟ್ಟಂತೆ ಹೇಗಾಯಿತು? ಇಬ್ಬರೂ ಒಂದು ದೀಪಮಾಲೆಯ ನೆರಳಿನಲ್ಲಿ ಕುಳಿತೆವು. ಕಾಲಿಗೂ ವಿಶ್ರಾಂತಿ ಬೇಕಾಗಿತ್ತು. ‘ಈ ಅಪ್ಪಣ್ಣನ ಜಾತಕ ಬಿಡಿಸೋಣ ಬಾ’ ಎಂದೆ.

ಬೆಳಿಗ್ಗೆ ‘ಗೆಟ್ ಅಪ್’ ಎಂದರೆ ಏಳು, ಅಲ್ಲಿಯವರೆಗೆ ಸರಿ. ಆದರೆ ಊಟ ಮುಗಿಸುವುದು ‘ಈಟ್ ಅಪ್’, ಸಕ್ಕರೆ ಖರ್ಚಾಗುವುದು ‘ಯೂಸ್ ಅಪ್’, ಹೊತ್ತು ಮುಗಿಯುವುದು ‘ಟೈಮ್ ಈಸ್ ಅಪ್’. ಇಲ್ಲೆಲ್ಲ ಮೇಲೆ ಹೋದದ್ದು ಏನೂ ಇಲ್ಲ, ಎಲ್ಲ ಮುಗಿದದ್ದೇ. ಗಟ್ಟಿಯಾಗಿ ಮಾತಾಡು ಎನ್ನಲು ‘ಸ್ಪೀಕ್ ಅಪ್’, ಬಾಯಿ ಮುಚ್ಚು ಎನ್ನಲು ‘ಷಟ್ ಅಪ್’. ಜಗಳವಾಡಿದವರು ರಾಜಿಯಾದರೆ ‘ಮೇಕ್ ಅಪ್’, ಇಲ್ಲದ ಕಥೆ ಕಟ್ಟಿದರೂ ‘ಮೇಕ್ ಅಪ್’, ಮುಖಕ್ಕೆ ಬಣ್ಣ ಬಳಿದರೂ ‘ಮೇಕ್ ಅಪ್’. ಮನೆ ಸುಟ್ಟು ‘ಡೌನ್’ ಆಗುತ್ತದೆ, ಕಾಗದ ಸುಟ್ಟು ‘ಅಪ್’ ಆಗುತ್ತದೆ, ಉಳಿಯುವುದು ಮಾತ್ರ ಎರಡೂ ಕಡೆ ಬೂದಿ! ಇಂಗ್ಲೆಂಡಿನಲ್ಲಿ ಲಂಡನ್ನಿನ ಕಡೆ ಹೋಗುವ ರೈಲು ‘ಅಪ್’, ಅಲ್ಲಿಂದ ಬರುವುದು ‘ಡೌನ್’. ಅವರ ಪಾಲಿಗೆ ರಾಜಧಾನಿಯೇ ಗುಡ್ಡದ ತುದಿ.

ಆಗಲೇ ನಮ್ಮೆದುರಿಗೆ ಹೊಸದಾಗಿ ಮದುವೆಯಾದ ಒಬ್ಬ ಹುಡುಗ ಹೆಂಡತಿಯನ್ನು ಎತ್ತಿಕೊಂಡು, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದ. ಜೇಜುರಿಯಲ್ಲಿ ಅದೊಂದು ರೂಢಿ. ‘ಪಿಕ್ ಅಪ್!’ ಎಂದು ಹುಡುಗಿ ನಕ್ಕಳು. ಹೌದು, ಹೆಂಡತಿಯನ್ನು ಎತ್ತಿಕೊಳ್ಳುವುದೂ ‘ಪಿಕ್ ಅಪ್’, ನೆಂಟರನ್ನು ಸ್ಟೇಷನ್ನಿನಿಂದ ಕರೆತರುವುದೂ ‘ಪಿಕ್ ಅಪ್’, ಪಾಠವಿಲ್ಲದೆ ಕಿವಿಯಿಂದಲೇ ಒಂದು ಭಾಷೆ ಕಲಿಯುವುದೂ ‘ಪಿಕ್ ಅಪ್’. ನೀವೆಲ್ಲ ಆಟವಾಡುತ್ತ ಓಣಿಯಲ್ಲಿ ಮರಾಠಿ ಕಲಿತಿರಲ್ಲ, ಹಾಗೆ. ಆಗ ತಪ್ಪು ಮಾಡಿರಲಿಲ್ಲವೇ? ಮಾಡಿದ್ದಿರಿ. ಆದರೆ ಆಟ ನಿಲ್ಲಿಸಲಿಲ್ಲ.

ಚಿಕ್ಕ ಪದಗಳ ಮೇಲೇ ಹೆಚ್ಚು ಹೊರೆ, ಇದು ಭಾಷೆಯ ನಿಯಮ. ‘ರನ್’ ಎಂಬ ಒಂದು ಕ್ರಿಯಾಪದಕ್ಕೆ ಆಕ್ಸ್‌ಫರ್ಡ್ ನಿಘಂಟಿನವರು 645 ಅರ್ಥ ಕಂಡರೆಂದು 2011ರಲ್ಲಿ ಸುದ್ದಿಯಾಗಿತ್ತು. ನಮ್ಮ ಕನ್ನಡವೇನು ಕಡಿಮೆಯೇ? ‘ಆರು, ಏಳು, ಹತ್ತು ಅಂದರೆ ಏನು?’ ಎಂದು ಕೇಳಿದೆ. ‘ಸಿಕ್ಸ್, ಸೆವೆನ್, ಟೆನ್’ ಎಂದಳು.

ಲೆಕ್ಕದಲ್ಲಿ ಹೌದು. ಆದರೆ ಬಟ್ಟೆ ಆರುತ್ತದೆ, ಕಾಫಿ ಆರುತ್ತದೆ, ಗಾಯ ಆರುತ್ತದೆ, ದೀಪವೂ ಆರುತ್ತದೆ. ಇಂಗ್ಲಿಷಿನವರು ಇದಕ್ಕೆ ನಾಲ್ಕು ಬೇರೆ ಮಾತು ಹುಡುಕಬೇಕು. ಏಳು ಎಂದರೆ ಸಂಖ್ಯೆಯೂ ಹೌದು, ‘ಗೆಟ್ ಅಪ್’ ಕೂಡ ಹೌದು. ಆದರೆ ಅದು ನಿನ್ನೆಗೆ ಹೋದಾಗ ‘ಏಳಿದೆ’ ಆಗದೆ ‘ಎದ್ದೆ’ ಆಗುತ್ತದೆ, ‘ಗೋ’ ಎಂಬುದು ‘ವೆಂಟ್’ ಆಗುವ ಹಾಗೆ. ಇಂಗ್ಲಿಷ್ ಮನೆಯ ಮಗುವೂ ಮಾತು ಕಲಿಯುವಾಗ ‘ಗೋಡ್’ ಎನ್ನುವುದುಂಟು. ‘ನೀನು ನಿಯಮ ತಿಳಿದೇ ತಪ್ಪಿದವಳು, ನಿಯಮ ತಪ್ಪಿದ್ದು ಕನ್ನಡ’ ಎಂದೆ. ಅವಳ ಮುಖ ಸ್ವಲ್ಪ ಅರಳಿತು.

ಇನ್ನು ಹತ್ತು. ಗುಡ್ಡ ಹತ್ತುತ್ತೇವೆ, ಬಸ್ಸು ಹತ್ತುತ್ತೇವೆ. ಒಲೆಯ ಬೆಂಕಿ ಹತ್ತುತ್ತದೆ. ರಾತ್ರಿ ನಿದ್ದೆ ಹತ್ತುತ್ತದೆ. ಲೆಕ್ಕ ತಲೆಗೆ ಹತ್ತುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಹುಡುಗ ಅಳಲಿಕ್ಕೆ ಹತ್ತುತ್ತಾನೆ. ಕೆಲಸಕ್ಕೆ ಎರಡು ದಿನ ಹತ್ತುತ್ತದೆ. ‘ಅಪ್’ ಎಂಬುವನಿಗೆ ತಕ್ಕ ಜೋಡಿ ಇವನೇ.

ಅಷ್ಟರಲ್ಲಿ ಮೇಲಿನಿಂದ ‘ಯೇಳಕೋಟ ಯೇಳಕೋಟ, ಜೈ ಮಲ್ಹಾರ್’ ಎಂಬ ಘೋಷ ಕೇಳಿತು. ‘ಇದು ಯಾವ ಭಾಷೆ?’ ಎಂದೆ. ‘ಮರಾಠಿ’ ಎಂದಳು. ಮಕ್ಕಳೇ, ಇದನ್ನು ನೆನಪಿಟ್ಟುಕೊಳ್ಳಿ: ‘ಯೇಳಕೋಟ’ ಎಂದರೆ ನಮ್ಮ ‘ಏಳುಕೋಟಿ’ಯೇ ಎಂದು ವಿದ್ವಾಂಸರು ಹೇಳುತ್ತಾರೆ. ಇಲ್ಲಿಯ ಖಂಡೋಬನೇ ಕರ್ನಾಟಕದಲ್ಲಿ ಮೈಲಾರಲಿಂಗ, ರಾಣೆಬೆನ್ನೂರಿನ ಬಳಿಯ ದೇವರಗುಡ್ಡದಲ್ಲಿ ಮಾಲತೇಶ. ಅಲ್ಲಿಯೂ ‘ಏಳುಕೋಟಿ’ ಎಂದೇ ಕೂಗುತ್ತಾರೆ, ಅಲ್ಲಿಯೂ ಭಂಡಾರವೇ. ಇಷ್ಟು ದೊಡ್ಡ ಮರಾಠಿ ದೇವಸ್ಥಾನದಲ್ಲಿ ನಿತ್ಯ ಸಾವಿರ ಬಾಯಿ ಒಂದು ಕನ್ನಡ ಮಾತನ್ನು ಕೂಗುತ್ತವೆ. ಯಾರೂ ಅವರ ಉಚ್ಚಾರಕ್ಕೆ ನಗುವುದಿಲ್ಲ.

ಇದೇ ಜೇಜುರಿಯ ಮೇಲೆ ಅರುಣ್ ಕೊಲಟ್ಕರ್ ಇಂಗ್ಲಿಷಿನಲ್ಲಿ ಕವಿತೆಗಳನ್ನು ಬರೆದರು. 1976ರಲ್ಲಿ ಬಂದ ಆ ‘ಜೇಜುರಿ’ ಪುಸ್ತಕಕ್ಕೆ 1977ರಲ್ಲಿ ಕಾಮನ್‌ವೆಲ್ತ್ ಕವಿತಾ ಪ್ರಶಸ್ತಿ ದೊರೆಯಿತು. ಮರಾಠಿಯಲ್ಲೂ ಅವರು ಅಷ್ಟೇ ದೊಡ್ಡ ಕವಿ. ಒಂದು ಭಾಷೆ ಬಂತೆಂದು ಇನ್ನೊಂದನ್ನು ಹೊರಗೆ ಹಾಕಬೇಕಾಗಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ?

ಎದ್ದು ಮತ್ತೆ ಹತ್ತಿದೆವು. ಹತ್ತುತ್ತ ಅವಳಿಗೆ ಕಾರ್ಣಿಕದ ಸಂಗತಿ ಹೇಳಿದೆ. ಮೈಲಾರದಲ್ಲಿ, ದೇವರಗುಡ್ಡದಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನು ಹತ್ತುತ್ತಾನೆ. ನೆರೆದ ಜನವೆಲ್ಲ ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಅವನು ನುಡಿಯುವುದು ಒಂದೇ ಒಂದು ಮಾತು. ವರ್ಷವಿಡೀ ಜನ ಆ ಮಾತನ್ನು ನೆನೆಯುತ್ತಾರೆ. ‘ಅಜ್ಜಿಗೂ ಭಾಷಣ ಬೇಕಾಗಿಲ್ಲ, ಒಂದು ಮಾತು ಸಾಕು’ ಎಂದೆ. ಅವಳು ಏನೂ ಹೇಳಲಿಲ್ಲ.

ದರ್ಶನ ಮುಗಿಸಿ ಹೊರಗೆ ಬಂದಾಗ ಅವಳು ಗೋಡೆಯ ಬಳಿ ನಿಂತು ಮೊಬೈಲ್ ತೆಗೆದಳು. ನಾನು ಕಂಡೂ ಕಾಣದ ಹಾಗೆ ಆಚೆ ತಿರುಗಿದೆ. ಕಿವಿಯನ್ನು ಮಾತ್ರ ತಿರುಗಿಸಲಾಗಲಿಲ್ಲ!

‘ಅಜ್ಜಿ, ನಾನು... ಬೆಳಿಗ್ಗೆ ಬೇಗ ಎದ್ದೆ. ಜೇಜುರಿ ಗುಡ್ಡ ಹತ್ತಿದೆ.’

ಆಚೆಯಿಂದ ಅಜ್ಜಿಯ ಗಟ್ಟಿ ದನಿ ನನಗೂ ಕೇಳಿಸಿತು: ‘ಅಯ್ಯ ನನ್ನವ್ವಾ! ಅದು ನಮ್ಮ ಮಾಲತೇಶನ ಗುಡ್ಡಾನ ಅಲ್ಲೇನ? ಎಷ್ಟೊತ್ತು ಹತ್ತಿತವಾ?’

ಹುಡುಗಿ ನನ್ನ ಕಡೆ ನೋಡಿ ಕಣ್ಣರಳಿಸಿದಳು. ಈ ‘ಹತ್ತು’ ಗುಡ್ಡದ್ದಲ್ಲ, ಹೊತ್ತಿನದು ಎಂದು ಅವಳಿಗೆ ತಿಳಿದಿತ್ತು. ‘ಒಂದು ತಾಸು ಹತ್ತಿತು ಅಜ್ಜಿ’ ಎಂದಳು. ಆಮೇಲೆ ಫೋನನ್ನು ಅಮ್ಮನ ಕೈಗೆ ಕೊಡಲಿಲ್ಲ. ತಪ್ಪುಗಳೂ ಆದವು, ಎರಡು ಸಲ ಇಂಗ್ಲಿಷೂ ನುಸುಳಿತು. ಅಜ್ಜಿ ನಕ್ಕರೋ ಇಲ್ಲವೋ ತಿಳಿಯದು, ನಡುವೆ ಒಮ್ಮೆ ಮಾತು ನಿಂತದ್ದು ಮಾತ್ರ ಕೇಳಿತು. ಮೂಗು ಒರೆಸಿಕೊಂಡಿರಬೇಕು.

ಮಕ್ಕಳೇ, ಊರಲ್ಲಿ ನಿಮ್ಮ ಮಾತಿಗೆ ನಕ್ಕವರೂ ನಮ್ಮವರೇ, ನಿಮ್ಮನ್ನು ತಿದ್ದುವ ಆತುರದಲ್ಲಿ ಬಾಯಿ ಮುಚ್ಚಿಸಿದವರೂ ನಾವೇ. ಆ ತಪ್ಪು ಹಿರಿಯರದು, ನಿಮ್ಮದಲ್ಲ. ನನ್ನ ‘ಥ್ರೋ ಅಪ್’ ಕೇಳಿ ನೀವು ನಕ್ಕಿರಿ. ನಾನೇನು ಇಂಗ್ಲಿಷ್ ಬಿಟ್ಟೆನೇ? ನೀವೂ ಕನ್ನಡವನ್ನು ಹಾಗೆಯೇ ಹಿಡಿದುಕೊಳ್ಳಿ.

ಕೊನೆಗೊಂದು ಮಾತು. ‘ಗಿವ್ ಅಪ್’ ಎಂಬುದಕ್ಕೆ ಕನ್ನಡದಲ್ಲಿ ‘ಬಿಟ್ಟುಬಿಡು’ ಎನ್ನುತ್ತೇವೆ. ‘ಇಟ್ ಈಸ್ ಅಪ್ ಟು ಯು’ ಎಂಬುದಕ್ಕೆ ‘ಅದು ನಿಮಗೆ ಬಿಟ್ಟದ್ದು’ ಎನ್ನುತ್ತೇವೆ. ಅಲ್ಲಿ ಎರಡಕ್ಕೂ ‘ಅಪ್’, ಇಲ್ಲಿ ಎರಡಕ್ಕೂ ‘ಬಿಡು’. ಬಿಟ್ಟುಬಿಡುವುದೂ ಬಿಡದಿರುವುದೂ ಈಗ ನಿಮಗೆ ಬಿಟ್ಟದ್ದು. ಈ ಭಾನುವಾರ ಊರಿಗೆ ಫೋನು ಮಾಡಿ ನೋಡಿ. ಬಹಳ ಹೊತ್ತೇನೂ ಹತ್ತುವುದಿಲ್ಲ.