ಪರಿಮಾಣದ ಪಟ್ಟಿಯಿಂದ ತಪ್ಪಿಸಿಕೊಂಡ ಲೆನ್ಸುಗಳು

ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸುವ ಶ್ರಾವಕನು ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯಗಳಿಗೆ ಮಿತಿಯನ್ನು ಗೊತ್ತುಮಾಡಿಕೊಳ್ಳುತ್ತಾನೆ. ಆಚಾರ್ಯರು ಬಾಹ್ಯ ಪರಿಗ್ರಹವನ್ನು ಹತ್ತು ಬಗೆಯಾಗಿ ಎಣಿಸಿದ್ದಾರೆ. ಅವುಗಳಲ್ಲಿ ಕುಪ್ಯ, ಭಾಂಡ ಎಂಬೆರಡು ಬಟ್ಟೆಬರೆ, ಪಾತ್ರೆಪಗಡಗಳಂತಹ ಬಳಕೆಯ ವಸ್ತುಗಳಿಗೆ ಸಂಬಂಧಿಸಿದವು. ಇಂದಿನ ಸುಶಿಕ್ಷಿತ ಶ್ರಾವಕರ ಪಟ್ಟಿಯಲ್ಲಿ ಈ ಎರಡರ ಮುಂದಿನ ಜಾಗ ಬಹುಮಟ್ಟಿಗೆ ಖಾಲಿಯಾಗಿರುತ್ತದೆ. ಚಿನ್ನಕ್ಕೆ ತೂಕದ ಲೆಕ್ಕವಿದೆ, ನಿವೇಶನಕ್ಕೆ ಅಡಿಯ ಲೆಕ್ಕವಿದೆ. ಕಪಾಟಿನಲ್ಲಿರುವ ಕ್ಯಾಮೆರಾ ಲೆನ್ಸುಗಳಿಗೆ ಲೆಕ್ಕವಿಲ್ಲ. ಕೇಳಿದರೆ, "ಅದು ಆಸ್ತಿಯಲ್ಲ, ಹವ್ಯಾಸ" ಎಂಬ ಉತ್ತರ ಸಿದ್ಧವಾಗಿದೆ. ಈ ಉತ್ತರವು ಸಲ್ಲದು.

2018ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ ನಡೆಯಿತು. ಅದೇ ವರ್ಷ ನಿಕಾನ್ ಮತ್ತು ಕ್ಯಾನನ್ ಕಂಪನಿಗಳು ಕನ್ನಡಿರಹಿತ ಕ್ಯಾಮೆರಾಗಳಿಗಾಗಿ ಹೊಸ ಮೌಂಟುಗಳನ್ನು ತಂದವು. ನಿಕಾನ್‌ನ ಎಫ್ ಮೌಂಟ್ 1959ರಿಂದಲೂ ಕ್ಯಾನನ್‌ನ ಇಎಫ್ ಮೌಂಟ್ 1987ರಿಂದಲೂ ಬಳಕೆಯಲ್ಲಿದ್ದವು. ಹೊಸತು ಬಂದ ಮಾತ್ರಕ್ಕೆ ಹಳೆಯದು ಕುರುಡಾಗಲಿಲ್ಲ. ಅಡಾಪ್ಟರ್ ಒಂದಿದ್ದರೆ ಹಳೆಯ ಲೆನ್ಸುಗಳು ಹೊಸ ಕ್ಯಾಮೆರಾದಲ್ಲಿಯೂ ಕೆಲಸ ಮಾಡುತ್ತವೆ. ಒಳಗೆ ಮೋಟಾರಿಲ್ಲದ ಹಳೆಯ ನಿಕಾನ್ ಲೆನ್ಸುಗಳಿಗೆ ಕಂಪನಿಯ ಅಡಾಪ್ಟರಿನಲ್ಲಿ ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ, ನಿಜ. ಆದರೆ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಕಂಬಗಳು ಓಡಿಹೋಗುವುದಿಲ್ಲವಷ್ಟೆ! ಹಾಗಿದ್ದರೂ ಹೊಸದನ್ನು ಕೊಂಡು, ಹಳೆಯದನ್ನೂ ಇಟ್ಟುಕೊಂಡು, ಅದಕ್ಕೆ 'ಅಪ್‌ಗ್ರೇಡ್' ಎಂದು ಹೆಸರಿಡುವುದು ರೂಢಿಯಾಗಿದೆ. ಹಳೆಯದು ಮನೆಯಿಂದ ಹೊರಹೋಗದಿದ್ದರೆ ಅದು ಬದಲಾವಣೆಯಲ್ಲ, ಸಂಗ್ರಹ.

ಇದನ್ನು ಸಮರ್ಥಿಸುವವರ ವಾದಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯದು: "ಮೂರ್ಛೆಯೇ ಪರಿಗ್ರಹವೆಂದು ಉಮಾಸ್ವಾಮಿಗಳು ಹೇಳಿದ್ದಾರೆ, ನನಗೆ ಮೂರ್ಛೆಯಿಲ್ಲ, ಹತ್ತು ಲೆನ್ಸುಗಳಿದ್ದರೇನು?" ಮೂರ್ಛೆ ಇದೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸುವುದು ಸುಲಭ. ನೆರೆಮನೆಯ ಹುಡುಗನು ಬಂದು, "ಅಂಕಲ್, ಆ ದೊಡ್ಡ ಲೆನ್ಸನ್ನು ಎರಡು ದಿನ ಕೊಡುವಿರಾ?" ಎಂದು ಕೇಳಿದಾಗ ಎದೆಯಲ್ಲಿ ಏನಾಗುತ್ತದೆ ಎಂಬುದನ್ನು ಗಮನಿಸಿದರೆ ಸಾಕು. ಆ ತಳಮಳಕ್ಕೇ ಮೂರ್ಛೆ ಎಂದು ಹೆಸರು.

ಎರಡನೆಯದು: "ಎರಡು ಲೆನ್ಸುಗಳನ್ನು ಮಾರಿ ಒಂದನ್ನೇ ಕೊಂಡೆ, ಸಂಖ್ಯೆ ಇಳಿಯಿತಲ್ಲ?" ಆ ಒಂದರ ಬೆಲೆ ಹಿಂದಿನ ಎರಡರ ಮೂರು ಪಟ್ಟು ಎಂಬುದನ್ನು ಹೇಳುವುದಿಲ್ಲ. ಹೇಮಚಂದ್ರಾಚಾರ್ಯರು ತಮ್ಮ ಯೋಗಶಾಸ್ತ್ರದಲ್ಲಿ ಈ ಬುದ್ಧಿವಂತಿಕೆಯನ್ನು ಶತಮಾನಗಳ ಹಿಂದೆಯೇ ಗುರುತಿಸಿದ್ದಾರೆ. ಎರಡು ಹೊಲಗಳ ನಡುವಣ ಬದುವನ್ನು ಕಿತ್ತು ಒಂದೇ ಹೊಲವೆನ್ನುವುದು, ಹಲವು ಪಾತ್ರೆಗಳನ್ನು ಸೇರಿಸಿ ಒಂದು ಭಾರವಾದ ಪಾತ್ರೆ ಮಾಡಿಸುವುದು ಇವೆಲ್ಲ ಎಣಿಕೆಯನ್ನು ಉಳಿಸಿ ವ್ರತವನ್ನು ಕೆಡಿಸುವ ಅತಿಚಾರಗಳು.

ಮೂರನೆಯದು: "ಕೊಂಡ ಬೆಲೆಗೆ ಹೋಗುವುದಿಲ್ಲ, ಹೇಗೆ ಮಾರಲಿ?" ವಣಿಕರಾದ ನಮ್ಮ ಬಾಯಲ್ಲಿ ಈ ಮಾತು ಬರಬಾರದು. ವರ್ಷಾಂತ್ಯದ ದಾಸ್ತಾನಿಗೆ ಅಸಲು ಬೆಲೆ ಅಥವಾ ಮಾರಿದರೆ ನಿವ್ವಳ ಕೈಗೆ ಬರುವ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಕಟ್ಟಬೇಕೆಂಬುದು ಲೆಕ್ಕಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಅಂಗಡಿಯಲ್ಲಿ ಪಾಲಿಸುವ ನಿಯಮವು ಮನೆಯ ಕಪಾಟಿನ ಮುಂದೆ ಮರೆತುಹೋಗುವುದೇಕೆ? ಬೆಲೆ ಏರಲೆಂದು ಕಾಯುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳುವ ಐದು ಅತಿಚಾರಗಳಲ್ಲಿ ಅತಿಸಂಗ್ರಹಕ್ಕೆ ಸೇರಿಸಬೇಕು. ಪರರ ಸಂಪತ್ತನ್ನು ಕಂಡು ಬೆರಗಾಗಿ ಕುದಿಯುವುದು ವಿಸ್ಮಯ. ಸ್ನೇಹಿತನ ಕೊರಳಲ್ಲಿ ತೂಗುವ ಒಂದೂವರೆ ಕಿಲೋ ತೂಕದ ಟೆಲಿಫೋಟೋ ಲೆನ್ಸನ್ನು ಕಂಡು ನಿದ್ರೆಗೆಡುವವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ನಾಲ್ಕನೆಯದೇ ಅತ್ಯಂತ ಅಪಾಯಕಾರಿ: "ಬಸದಿಗಳ ಚಿತ್ರ ತೆಗೆಯುತ್ತೇನೆ, ಇದು ಧರ್ಮಸೇವೆ." ಸೇವೆ ನಿಜವಾದರೆ ಗೌರವಿಸೋಣ. ಆದರೆ ಮಂದ ಬೆಳಕಿನ ನವರಂಗದಲ್ಲಿ ಎಫ್ 1.8ರ ಲೆನ್ಸಿನ ಬದಲು ಎಫ್ 1.4ರದನ್ನು ತಂದರೆ ದೊರೆಯುವ ಹೆಚ್ಚಿನ ಬೆಳಕು ಒಂದು ಸ್ಟಾಪೂ ಇಲ್ಲ. ಸಾಧಾರಣ ಮುಕ್ಕಾಲಿಯ ಮೇಲೆ ಕ್ಯಾಮೆರಾ ನಿಲ್ಲಿಸಿ ಶಟರನ್ನು ನಾಲ್ಕಾರು ಸೆಕೆಂಡು ತೆರೆದಿಟ್ಟರೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಬೆಳಕು ಸಿಗುತ್ತದೆ. ಕಲ್ಲಿನ ಕಂಬಕ್ಕೆ ಬೇಕಾದುದು ಛಾಯಾಗ್ರಾಹಕನ ತಾಳ್ಮೆ. ಲೋಭಕ್ಕೆ ಸೇವೆಯ ಹೊದಿಕೆ ಹೊದಿಸುವುದು ಮಾಯಾಕಷಾಯ. ಅದು ಅಭ್ಯಂತರ ಪರಿಗ್ರಹ ಹದಿನಾಲ್ಕರಲ್ಲಿ ಒಂದು.

ಹಾಗೆಂದು ಎಲ್ಲವನ್ನೂ ಮಾರಿಬಿಡಿ ಎಂಬುದು ನನ್ನ ವಾದವಲ್ಲ. ನಮ್ಮದು ಅಣುವ್ರತ, ಮಹಾವ್ರತವಲ್ಲ. ಮದುವೆಯ ಚಿತ್ರ ತೆಗೆದು ಸಂಸಾರ ಸಾಗಿಸುವವನಿಗೆ ಲೆನ್ಸು ರೈತನ ನೇಗಿಲಿದ್ದಂತೆ. ಉಳಿದವರು ಮೂರು ಪ್ರಶ್ನೆಗಳಿಗೆ ಉತ್ತರಿಸಿಕೊಳ್ಳಲಿ.

ಯಾವುದನ್ನು ಇಟ್ಟುಕೊಳ್ಳಬೇಕು? ಡಿಜಿಟಲ್ ಕ್ಯಾಮೆರಾ ಪ್ರತಿ ಚಿತ್ರದೊಡನೆ ದಿನಾಂಕವನ್ನೂ ಲೆನ್ಸಿನ ಫೋಕಲ್ ದೂರವನ್ನೂ ದಾಖಲಿಸುತ್ತದೆ. ಒಂದು ವರ್ಷದ ಚಿತ್ರಗಳನ್ನು ಎಣಿಸಿದರೆ ಯಾವ ಲೆನ್ಸು ದುಡಿಯಿತು, ಯಾವುದು ಮಲಗಿತ್ತು ಎಂಬುದು ತಿಳಿಯುತ್ತದೆ. ಮಲಗಿದ್ದರಿಂದ ನಷ್ಟ ಹಣಕ್ಕಷ್ಟೇ ಅಲ್ಲ. ನಮ್ಮ ಕರಾವಳಿ ಮಲೆನಾಡುಗಳ ತೇವದಲ್ಲಿ, ಮುಚ್ಚಿಟ್ಟ ಗಾಜಿನ ಮೇಲೆ ಬೂಷ್ಟು ಬೆಳೆಯುತ್ತದೆ. ಆಮೇಲೆ ಅದನ್ನು ಒರೆಸಿ ಕೊಲ್ಲಬೇಕು. ಬಳಸದ ವಸ್ತು ಪ್ರಮಾದದ ಮೂಲಕ ಹಿಂಸೆಗೆ ಕಾರಣವಾಗುವ ಬಗೆ ಇದು.

ಹೇಗೆ ಮಾರಬೇಕು? ಬೂಷ್ಟು, ಗೀರು, ಬಿದ್ದ ಪೆಟ್ಟು ಎಲ್ಲವನ್ನೂ ಕೊಳ್ಳುವವನಿಗೆ ಮೊದಲೇ ಹೇಳಿ ಮಾರಬೇಕು. ಹಾಗೆಯೇ, ಹಳೆಯದನ್ನು ಕೊಳ್ಳುವವನು ಬಿಲ್ಲನ್ನೂ ಸೀರಿಯಲ್ ಸಂಖ್ಯೆಯನ್ನೂ ತಾಳೆನೋಡಬೇಕು. ಕಳವಿನ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿ ತೆರಿಗೆ ತಪ್ಪಿಸಿ ತಂದ ಮಾಲನ್ನು ಅಗ್ಗವೆಂದು ತರುವುದು ಇವೆರಡೂ ಅಚೌರ್ಯಾಣುವ್ರತದ ಅತಿಚಾರಗಳು.

ಯಾವಾಗ ಹೊಸದನ್ನು ಕೊಳ್ಳಬೇಕು? ಇರುವ ಲೆನ್ಸಿನಿಂದ ಸಾಧ್ಯವಾಗದ ನಿರ್ದಿಷ್ಟ ಕೆಲಸವನ್ನು ಹೆಸರಿಸಲು ಸಾಧ್ಯವಾದಾಗ. ತಾಳೆಗರಿಯ ಸಣ್ಣ ಅಕ್ಷರಗಳನ್ನು ಚಿತ್ರಿಸಲು ಮ್ಯಾಕ್ರೋ ಲೆನ್ಸು ಬೇಕೆಂಬುದು ಕಾರಣ; ಹೊಸ ಮಾದರಿ ಬಂದಿದೆ ಎಂಬುದು ಕಾರಣವಲ್ಲ. ಆಗಲೂ ಹಳೆಯದು ಹೊರಹೋದ ಮೇಲೆಯೇ ಹೊಸದು ಒಳಬರಲಿ.

ದಶಲಕ್ಷಣ ಪರ್ವದಲ್ಲಿ ಉತ್ತಮ ತ್ಯಾಗದ ಮರುದಿನವೇ ಉತ್ತಮ ಆಕಿಂಚನ್ಯ ಬರುತ್ತದೆ. ಈ ಕ್ರಮದಲ್ಲಿ ಅರ್ಥವಿದೆ. ಬಿಡದೆ 'ನನ್ನದೇನೂ ಇಲ್ಲ' ಎನ್ನುವುದು ಬರಿಯ ಬಾಯಿಮಾತು. ಶ್ರಾವಕ ಬಂಧುಗಳು ಬರುವ ಪರ್ವಕ್ಕೆ ಮುನ್ನ ಕಪಾಟು ತೆರೆದು, ಕುಪ್ಯ ಭಾಂಡಗಳ ಮುಂದಿನ ಖಾಲಿ ಜಾಗದಲ್ಲಿ ಪ್ರತಿಯೊಂದು ಲೆನ್ಸಿನ ಹೆಸರನ್ನೂ ಇಂದಿನ ಬೆಲೆಯನ್ನೂ ಬರೆಯಲಿ. ಬರೆಯಲು ಸಂಕೋಚವಾಗುವ ಲೆನ್ಸು ಯಾವುದೋ ಮೊದಲು ಮಾರಬೇಕಾದುದು ಅದೇ.